ಮಲೆನಾಡಿನ ಚಳಿಗಾಲದ ನೆಗಡಿ, ಗಂಟಲುನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಯಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಸೀನುತ್ತಿರುತ್ತಾರೆ. ಶಿವಮೊಗ್ಗ ಪೇಟೆಯೂ ಇದಕ್ಕೆ ಹೊರತಲ್ಲ. ಈ ಸಮಯದಲ್ಲಿ ನೆಂಟರು, ನೆರೆಯವರು, ಕೆಲಸಕ್ಕೆ ಬಂದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಉತ್ತರಗಳಲ್ಲಿ ಔಷಧಿಯ ಮಾತು ಕಡಿಮೆ. ಕೈ, ಬಟ್ಟೆ, ಲೋಟ, ಕಿಟಕಿಯ ಮಾತೇ ಜಾಸ್ತಿ.

ಇಬ್ಬನಿಗೆ ತಲೆ ಒಡ್ಡಿದರೆ ನೆಗಡಿ ಬರುತ್ತದೆ ಅಂತಾರೆ. ನಿಜವಾ?

ಇಬ್ಬನಿಯೊಳಗೆ ನೆಗಡಿ ಇರುವುದಿಲ್ಲ. ನೆಗಡಿ ತರುವುದು ವೈರಸ್. 200ಕ್ಕೂ ಜಾಸ್ತಿ ಬಗೆಯ ವೈರಸ್‌ಗಳಿಂದ ನೆಗಡಿ ಬರಬಹುದು. ಅದರಲ್ಲಿ ರೈನೋವೈರಸ್ ಅನ್ನುವ ಗುಂಪಿನದ್ದೇ ದೊಡ್ಡ ಪಾಲು. ನೆಗಡಿ ಇರುವ ಒಬ್ಬ ಮನುಷ್ಯನ ಹತ್ತಿರವೂ ಸುಳಿಯದೆ ನೀವು ಕುಂದಾದ್ರಿ ಬೆಟ್ಟದ ಮೇಲೆ ರಾತ್ರಿಯಿಡೀ ಕೂತರೆ ಗಡಗಡ ನಡುಗುತ್ತೀರಿ ಅಷ್ಟೇ.

ಹಾಗಂತ ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಮೈಯೊಳಗಿನ 37 ಡಿಗ್ರಿ ಶಾಖ ರೈನೋವೈರಸ್‌ಗೆ ಅಷ್ಟಾಗಿ ಹಿಡಿಸುವುದಿಲ್ಲ. ಮೂಗಿನೊಳಗೆ 33 ಡಿಗ್ರಿ ಆಸುಪಾಸು ಇರುತ್ತದಲ್ಲ, ಆ ತಂಪಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಚಳಿಗಾಳಿಗೆ ಮೂಗು ಇನ್ನೂ ತಣ್ಣಗಾದಾಗ ಅಲ್ಲಿನ ಕಾವಲು ಸ್ವಲ್ಪ ಸಡಿಲವಾಗುತ್ತದೆ. ಆದರೆ ಇದಕ್ಕಿಂತ ದೊಡ್ಡ ಕಾರಣ ನಮ್ಮ ನಡವಳಿಕೆಯಲ್ಲೇ ಇದೆ. ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಕೂರುತ್ತೇವೆ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತೇವೆ. ಟೊಪ್ಪಿ, ಮಫ್ಲರ್ ಧಾರಾಳವಾಗಿ ಹಾಕಿಕೊಳ್ಳಿ, ಬೆಚ್ಚಗಿರುತ್ತದೆ. ಅದನ್ನು ಹಾಕಿಕೊಂಡ ಮೇಲೆ ಕೈ ತೊಳೆಯಬೇಕಾಗಿಲ್ಲ ಅಂದುಕೊಳ್ಳಬೇಡಿ.

ಹಾಗಾದರೆ ಮಳೆಗಾಲದಲ್ಲೂ ನೆಗಡಿ ಬರುತ್ತದಲ್ಲ?

ಬರುತ್ತದೆ. ಕಾರಣ ಅದೇ. ಆಗುಂಬೆ ಕಡೆ ಜಡಿಮಳೆ ಹಿಡಿದರೆ ಜನ ಹೊರಗೆ ಕಾಲಿಡುವುದೇ ಕಷ್ಟ, ಎಲ್ಲರೂ ಒಳಗೇ. ನಮ್ಮ ದೇಶದಲ್ಲಿ ಫ್ಲೂ ಜ್ವರವೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹೊತ್ತಿನಲ್ಲಿ ಇನ್ನೊಮ್ಮೆ.

ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತದೆ?

ಎರಡು ದಾರಿ. ಒಂದು ಗಾಳಿ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಹಾರುವ ಹನಿಗಳು ಎದುರಿನವರ ಮೂಗು ಬಾಯಿ ಸೇರುತ್ತವೆ. ಇನ್ನೊಂದು ಕೈ. ನೆಗಡಿಯಾದವರು ಮೂಗು ಒರೆಸಿಕೊಂಡ ಕೈಯಲ್ಲೇ ಬಾಗಿಲ ಚಿಲಕ ಮುಟ್ಟುತ್ತಾರೆ. ನೀವು ಅದನ್ನೇ ಮುಟ್ಟಿ, ಆಮೇಲೆ ಕಣ್ಣು ಉಜ್ಜುತ್ತೀರಿ. ಕೆಲಸ ಮುಗಿಯಿತು. ಕೈಯ ಚರ್ಮದಿಂದ ವೈರಸ್ ಒಳಗೆ ಇಳಿಯುವುದಿಲ್ಲ. ಅದಕ್ಕೆ ಮೂಗೋ ಕಣ್ಣೋ ಬೇಕು. ಅಲ್ಲಿಗೆ ಮುಟ್ಟಿಸುವುದು ನಮ್ಮದೇ ಬೆರಳು.

ವೈರಸ್ ಒಳಗೆ ಹೋದ ಮೇಲೆ ಅರ್ಧ ದಿನದಿಂದ ಮೂರು ದಿನದೊಳಗೆ ಗಂಟಲು ಕೆರೆತ ಶುರು. ಎರಡು ಮೂರನೇ ದಿನ ಎಲ್ಲ ಜೋರು. ಏಳರಿಂದ ಹತ್ತು ದಿನಕ್ಕೆ ಇಳಿಯುತ್ತದೆ. ಒಣಕೆಮ್ಮು ಮಾತ್ರ ಇನ್ನೂ ಸ್ವಲ್ಪ ದಿನ ಎಳೆಯಬಹುದು. ಮೊದಲ ಎರಡು ಮೂರು ದಿನ ಬೇರೆಯವರಿಗೆ ಹರಡುವುದು ಜಾಸ್ತಿ. ಲಕ್ಷಣ ಕಾಣುವ ಮುಂಚೆಯೇ ಹರಡಲು ಶುರುವಾಗಿರುತ್ತದೆ ಅನ್ನುವುದೇ ತಲೆನೋವು.

ಅಡಿಕೆ ಸುಲಿಯುವ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಯಾಕೆ?

ಅಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಿ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಸುತ್ತ ಕೂತಿರುತ್ತಾರೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ಚಳಿ ಅಂತ ಚಪ್ಪರಕ್ಕೆ ಸುತ್ತಲೂ ಟಾರ್ಪಾಲು ಕಟ್ಟಿರುತ್ತಾರೆ. ರಾತ್ರಿ ಹತ್ತು ಹನ್ನೊಂದರವರೆಗೂ ಮಾತು, ನಗು, ಹಾಡು. ನಡುವೆ ಒಂದು ತಂಬಿಗೆ ನೀರು, ಒಂದು ಕವಳದ (ಎಲೆ ಅಡಿಕೆಯ) ಹರಿವಾಣ. ಚಹಾ ಬಂದರೆ ಸುಲಿದ ಕೈಯಲ್ಲೇ ಲೋಟ. ಮೂಗು ತುರಿಸಿದರೆ ಮುಂಗೈ. ನೆಗಡಿ ಹರಡುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಬೇಕಾ?

ಇದನ್ನು ನಿಲ್ಲಿಸಿ ಅಂತ ಯಾರೂ ಹೇಳುವುದಿಲ್ಲ. ಸುಲಿಯದೆ ಅಡಿಕೆ ಅಂಗಳದಲ್ಲಿ ಬಿದ್ದಿರಲಿಕ್ಕೆ ಆಗುತ್ತದಾ? ನಾಲ್ಕು ಸಣ್ಣ ಬದಲಾವಣೆ ಸಾಕು. ಟಾರ್ಪಾಲನ್ನು ಗಾಳಿ ಬೀಸುವ ಕಡೆ ಮಾತ್ರ ಕಟ್ಟಿ, ಎದುರು ಬದಿ ಅರ್ಧ ತೆರೆದಿಡಿ. ಚಪ್ಪರದ ಮೂಲೆಯಲ್ಲಿ ಒಂದು ಬಕೆಟ್ ನೀರು, ಒಂದು ಮಗ್ಗು, ಒಂದು ಸೋಪು ಇಡಿ. ಚಹಾದ ಮುಂಚೆ ಎಲ್ಲರೂ ಕೈ ತೊಳೆಯುವುದು ರೂಢಿಯಾಗಲಿ. ಸೀನು ಶುರುವಾದವರಿಗೆ ಸ್ವಲ್ಪ ದೂರ, ಅಂಚಿನಲ್ಲಿ ಜಾಗ ಕೊಡಿ. ಜ್ವರವೇ ಇದ್ದರೆ ಅವರನ್ನು ಮನೆಗೆ ಕಳಿಸಿ. ಇಲ್ಲಿ ಒಂದು ಮಾತು ಮನೆಯ ಯಜಮಾನರಿಗೆ: ಸುಲಿಯುವವರಿಗೆ ಸುಲಿದಷ್ಟಕ್ಕೆ ಕೂಲಿ. ಒಂದು ದಿನ ತಪ್ಪಿದರೆ ಆ ದಿನದ ದುಡ್ಡು ಹೋಯಿತು. ಹಾಗಾಗಿ ಅವರು ಜ್ವರ ಮುಚ್ಚಿಟ್ಟುಕೊಂಡೇ ಬರುತ್ತಾರೆ. ಆ ಒಂದು ದಿನಕ್ಕೆ ಏನಾದರೂ ಕೊಟ್ಟು ಕಳಿಸಿದರೆ ವಾರವಿಡೀ ಇಡೀ ಗುಂಪು ಮಲಗುವುದು ತಪ್ಪುತ್ತದೆ. ಲೆಕ್ಕ ಹಾಕಿ ನೋಡಿ.

ಬರೀ ಕೈ ತೊಳೆದರೆ ನಿಜವಾಗಿಯೂ ಅಷ್ಟು ಪ್ರಯೋಜನ ಇದೆಯಾ?

ಇದೆ, ಆದರೆ ಪವಾಡ ಏನಲ್ಲ. ಸೋಪು ಹಾಕಿ ಕೈ ತೊಳೆಯುವ ಅಭ್ಯಾಸದಿಂದ ನೆಗಡಿಯಂಥ ಉಸಿರಾಟದ ಕಾಯಿಲೆಗಳು ಶೇಕಡಾ 16ರಿಂದ 21ರಷ್ಟು ಕಡಿಮೆಯಾಗುತ್ತವೆ ಅನ್ನುವುದು ಅಧ್ಯಯನಗಳ ಲೆಕ್ಕ. ಅಂದರೆ ಐದು ನೆಗಡಿಯಲ್ಲಿ ಹೆಚ್ಚುಕಡಿಮೆ ಒಂದು ತಪ್ಪುತ್ತದೆ. ಉಳಿದದ್ದು ಗಾಳಿಯಿಂದ ಬರುತ್ತದೆ, ಅದಕ್ಕೆ ಕಿಟಕಿ ಬೇಕು. ಭೇದಿಯ ಕಾಯಿಲೆಗಳಿಗೆ ಕೈ ತೊಳೆಯುವುದು ಇನ್ನೂ ಜಾಸ್ತಿ ಕೆಲಸ ಮಾಡುತ್ತದೆ. ಒಂದು ಸೋಪಿಗೆ ಇಷ್ಟು ಸಿಕ್ಕರೆ ಅಗ್ಗವೇ ಅಲ್ವಾ?

ಈ ಮಾತು ಇವತ್ತಿನದ್ದೂ ಅಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್ವೈಸ್ ಅನ್ನುವ ವೈದ್ಯರು ಡಾಕ್ಟರುಗಳಿಗೇ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದರು. ಬಾಣಂತಿಯರ ಸಾವು ತಟ್ಟನೆ ಇಳಿಯಿತು. ಆಗಿನ ಬಹಳಷ್ಟು ವೈದ್ಯರಿಗೆ ಅದನ್ನು ಒಪ್ಪಲು ಅಭಿಮಾನ ಅಡ್ಡ ಬಂತು.

ಎಷ್ಟು ಹೊತ್ತು, ಯಾವಾಗ ತೊಳೆಯಬೇಕು?

20 ಸೆಕೆಂಡು. ಸೋಪು ಹಚ್ಚಿ ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿ. ಅಂಗೈ ಉಜ್ಜುವುದನ್ನು ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ. ಮೂಗಿಗೆ ಹೋಗುವುದು ಆ ತುದಿಯೇ ತಾನೆ? ಉಗುರು ಕತ್ತರಿಸಿಟ್ಟುಕೊಂಡರೆ ಅರ್ಧ ಕೆಲಸ ಕಡಿಮೆ.

ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಒದ್ದೆ ಕೈಗೆ ಕೊಳೆ ಬೇಗ ಅಂಟುತ್ತದೆ, ಒದ್ದೆ ಕೈಯಿಂದ ಬೇಗ ದಾಟುತ್ತದೆ ಕೂಡ. ಸೀರೆ ಸೆರಗಿಗೋ ಲುಂಗಿಗೋ ಒರೆಸಿಕೊಂಡರೆ ತೊಳೆದದ್ದು ವ್ಯರ್ಥ.

ಯಾವಾಗ ಅಂದರೆ: ಊಟ ತಿಂಡಿಗೆ ಮುಂಚೆ, ಅಡುಗೆಗೆ ಮುಂಚೆ, ಪಾಯಿಖಾನೆಗೆ ಹೋಗಿ ಬಂದ ಮೇಲೆ. ಇದು ಎಲ್ಲರಿಗೂ ಗೊತ್ತು. ಚಳಿಗಾಲಕ್ಕೆ ಎರಡು ಸೇರಿಸಿಕೊಳ್ಳಿ. ಹೊರಗಿನಿಂದ ಮನೆಗೆ ಬಂದ ಕೂಡಲೇ ಒಮ್ಮೆ, ಮೂಗು ಸೀಟಿದ ಮೇಲೆ ಪ್ರತಿ ಸಲ. ಹಿಂದೆ ಅಂಗಳದಲ್ಲಿ ನೀರಿನ ಹಂಡೆ ಇರುತ್ತಿತ್ತು, ಕೈಕಾಲು ತೊಳೆಯದೆ ಯಾರೂ ಜಗುಲಿ ಹತ್ತುತ್ತಿರಲಿಲ್ಲ. ಈಗ ಕಾರಿನಿಂದ ಇಳಿದು ನೇರ ಸೋಫಾಕ್ಕೆ ಹೋಗುತ್ತೇವೆ.

ಬೆಳಗಿನ ಕೊರೆಯುವ ನೀರಿನಲ್ಲಿ ಮಕ್ಕಳು ಕೈ ಅದ್ದುವುದೇ ಇಲ್ಲ. ಬಿಸಿನೀರೇ ಬೇಕಾ?

ಬೇಕಿಲ್ಲ. ಕೈ ಸಹಿಸುವಷ್ಟು ಬಿಸಿಗೆ ವೈರಸ್ ಸಾಯುವುದಿಲ್ಲ. ಕೆಲಸ ಮಾಡುವುದು ಸೋಪು, ಉಜ್ಜುವುದು ಮತ್ತು ಹರಿಯುವ ನೀರು. ತಣ್ಣೀರು ಅಷ್ಟೇ ಚೆನ್ನಾಗಿ ತೊಳೆಯುತ್ತದೆ. ಆದರೆ ಮಕ್ಕಳು ಐದು ಸೆಕೆಂಡಿಗೆ ಕೈ ಎಳೆದುಕೊಂಡರೆ ಏನು ಲಾಭ? ಬಚ್ಚಲ ಹಂಡೆಯಿಂದ ಒಂದು ಚೊಂಬು ಬಿಸಿನೀರು ಬೆರೆಸಿಕೊಡಿ. ಸುಲಭವಾದರೆ ಮಾಡುತ್ತಾರೆ.

ಅಡಿಕೆ ಕರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ತೊಳೆದು ಏನು ಉಪಯೋಗ?

ಕರೆ ಬೇರೆ, ಕೊಳೆ ಬೇರೆ. ಅಡಿಕೆಯ ಚೊಗರು ಚರ್ಮಕ್ಕೆ ಹಿಡಿದ ಬಣ್ಣ ಅಷ್ಟೇ, ಸೀಸನ್ ಮುಗಿದ ಮೇಲೆ ತಾನಾಗಿ ಹೋಗುತ್ತದೆ. ಕೈ ಕಪ್ಪಗೇ ಕಾಣಲಿ, ಸೋಪಿನಲ್ಲಿ ತೊಳೆದಿದ್ದರೆ ಅದು ಶುದ್ಧ ಕೈ. ಕಲೆ ತೆಗೆಯಲು ಹೋಗಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಬೇಡಿ. ಚರ್ಮ ಬಿರಿಯುತ್ತದೆ, ಬಿರಿದ ಕೈ ಉರಿಯುತ್ತದೆ, ಆಮೇಲೆ ಸೋಪು ಮುಟ್ಟುವುದೇ ಬೇಡ ಅನ್ನಿಸುತ್ತದೆ. ರಾತ್ರಿ ಮಲಗುವಾಗ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

ಸ್ಯಾನಿಟೈಸರ್ ಸಾಕಾಗುವುದಿಲ್ಲವಾ?

ಬಸ್ಸಿನಲ್ಲಿ, ತೋಟದಲ್ಲಿ, ನೀರಿಲ್ಲದ ಕಡೆ ಸಾಕು. 60 ಪರ್ಸೆಂಟ್‌ಗಿಂತ ಜಾಸ್ತಿ ಆಲ್ಕೋಹಾಲ್ ಇರಬೇಕು, ಕೈ ತುಂಬ ಹಚ್ಚಿ ಒಣಗುವವರೆಗೂ ಉಜ್ಜಬೇಕು. ಕೊರೊನಾ, ಫ್ಲೂ ವೈರಸ್‌ಗಳಿಗೆ ಹೊರಗೆ ಕೊಬ್ಬಿನ ಪೊರೆ ಇದೆ. ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ರೈನೋವೈರಸ್‌ಗೆ ಆ ಪೊರೆಯೇ ಇಲ್ಲ, ಅದು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ನೆಗಡಿಯ ಮಟ್ಟಿಗೆ ಸೋಪು ನೀರೇ ಮೇಲು. ಕೈಗೆ ಮಣ್ಣು, ಎಣ್ಣೆ, ಅಡಿಕೆ ರಸ ಅಂಟಿದ್ದರೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ನೊಂದು ವಿಷಯ, ಅದು ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಹಚ್ಚಿಕೊಂಡ ಕೂಡಲೇ ಬಚ್ಚಲ ಒಲೆ ಮುಂದೆ ಕೂತು ಕೈ ಕಾಯಿಸಬೇಡಿ.

ಜಾಹೀರಾತಿನಲ್ಲಿ ಬರುವ ‘ಕೀಟಾಣು ಕೊಲ್ಲುವ’ ಸೋಪೇ ತರಬೇಕಾ?

ಯಾವ ಸೋಪಾದರೂ ಆದೀತು. ಆ ವಿಶೇಷ ಸೋಪುಗಳು ಬ್ಯಾಕ್ಟೀರಿಯಾಕ್ಕೆ ಮಾಡಿದವು, ನೆಗಡಿ ವೈರಸ್ಸಿನದ್ದು.

ಒಂದೇ ತಂಬಿಗೆಯಲ್ಲಿ ಎಲ್ಲರೂ ನೀರು ಕುಡಿಯುತ್ತೇವೆ. ತೊಂದರೆಯಾ?

ಎತ್ತಿ ಕುಡಿದರೆ ತೊಂದರೆ ಕಡಿಮೆ. ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಳ್ಳುವ ನಮ್ಮ ಹಳೆಯ ಅಭ್ಯಾಸ ಒಳ್ಳೆಯದೇ. ಎಂಜಲು ಅನ್ನುವ ಕಟ್ಟುನಿಟ್ಟಿನ ಜೊತೆ ಹಿಂದೆ ಜಾತಿಯ ಕೊಳಕೂ ಸೇರಿಕೊಂಡಿತ್ತು, ಅದು ಹೋಗಬೇಕಾದದ್ದೇ. ಎಂಜಲು ಲೋಟ ಇನ್ನೊಬ್ಬರ ಬಾಯಿಗೆ ಇಡಬಾರದು ಅನ್ನುವಷ್ಟನ್ನು ಮಾತ್ರ ಉಳಿಸಿಕೊಳ್ಳೋಣ. ಈಗಿನ ಮಕ್ಕಳು ಶಾಲೆಯಲ್ಲಿ ಒಂದೇ ಬಾಟಲಿಗೆ ನಾಲ್ಕು ಬಾಯಿ ಹಾಕುತ್ತಾರೆ, ಅವರಿಗೆ ಎತ್ತಿ ಕುಡಿಯಲು ಕಲಿಸಿ.

ಕವಳದ ಹರಿವಾಣದ ಸಮಸ್ಯೆ ಬೇರೆ. ಎಲ್ಲರ ಬೆರಳೂ ಅದೇ ಸುಣ್ಣದ ಡಬ್ಬಿಗೆ, ಅಲ್ಲಿಂದ ಬಾಯಿಗೆ. ನೆಗಡಿಯಾದವರು ತಮ್ಮದನ್ನು ಬೇರೆ ಇಟ್ಟುಕೊಳ್ಳಲಿ. ಹೊಗೆಸೊಪ್ಪು ಹಾಕುವವರಿಗೆ ಗಂಟಲು ಕೆರೆತ ಹೇಗೂ ಬಿಡುವುದಿಲ್ಲ. ಅದನ್ನು ಬಿಡಬೇಕಾದ ಕಾರಣ ನೆಗಡಿಗಿಂತ ಬಹಳ ದೊಡ್ಡದು.

ಕರವಸ್ತ್ರ, ಟವೆಲ್, ಮಫ್ಲರ್, ಕಂಬಳಿ: ಎಷ್ಟು ದಿನಕ್ಕೆ ಒಗೆಯಬೇಕು?

ಕರವಸ್ತ್ರ ದಿನಾ. ನೆಗಡಿ ಇದ್ದಾಗ ದಿನಕ್ಕೆ ಎರಡು ಮೂರು ಬೇಕಾಗುತ್ತದೆ, ಹಳೆಯ ಪಂಚೆಯನ್ನು ಚೌಕ ಚೌಕ ಹರಿದಿಟ್ಟುಕೊಳ್ಳಿ. ಬಳಸಿದ್ದನ್ನು ದಿಂಬಿನಡಿ ತುರುಕಬೇಡಿ. ಟಿಶ್ಯೂ ಕಾಗದ ಆದರೆ ಒಮ್ಮೆ ಬಳಸಿ ಒಲೆಗೆ ಹಾಕಿ.

ಹೆಗಲ ಮೇಲಿನ ಟವೆಲ್ ಬಗ್ಗೆ ಹೇಳಲೇಬೇಕು. ಬೆವರು ಒರೆಸುವುದು, ಮೂಗು ಒರೆಸುವುದು, ಕೈ ಒರೆಸುವುದು, ಬೆಂಚಿನ ಧೂಳು ಕೊಡವುವುದು, ಕೊನೆಗೆ ಮೊಮ್ಮಗನ ಬಾಯಿ ಒರೆಸುವುದು, ಎಲ್ಲಕ್ಕೂ ಅದೇ. ಅಜ್ಜನಿಗೆ ಬೇಜಾರಾಗದ ಹಾಗೆ ಇನ್ನೊಂದು ಟವೆಲ್ ಕೊಡಿ. ಬಚ್ಚಲಿನಲ್ಲಿ ಇಡೀ ಮನೆಗೆ ಒಂದೇ ಟವೆಲ್ ನೇತುಹಾಕುವುದೂ ನಿಲ್ಲಲಿ.

ಮಫ್ಲರ್ ಮತ್ತು ಮಂಗನ ಟೊಪ್ಪಿ ಬಾಯಿ ಮೂಗಿಗೆ ತಾಗಿಯೇ ಇರುತ್ತವೆ. ಸಂಕ್ರಾಂತಿವರೆಗೂ ಒಗೆಯದೆ ಹಾಕುವವರಿದ್ದಾರೆ. ವಾರಕ್ಕೊಮ್ಮೆ ಆದರೂ ಒಗೆಯಿರಿ. ಕಂಬಳಿ ಒಗೆಯುವುದು ಕಷ್ಟ, ಬಿಸಿಲು ಬಂದ ದಿನ ಅಂಗಳದಲ್ಲಿ ಎರಡೂ ಬದಿ ಒಣಗಿಸಿ.

ಇಷ್ಟು ಚಳಿಯಲ್ಲಿ ಕಿಟಕಿ ತೆಗೆಯಿರಿ ಅಂದರೆ ಹೇಗೆ?

ಬೆಳಗಿನ ಜಾವ ತೆಗೆಯಿರಿ ಅಂತ ಹೇಳುತ್ತಿಲ್ಲ. ಒಂಬತ್ತು ಹತ್ತು ಗಂಟೆಗೆ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಎದುರು ಬದುರಿನ ಕಿಟಕಿ ಬಾಗಿಲು ತೆಗೆದಿಡಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ರಾತ್ರಿ ನೆಗಡಿಯಾದವರು ಮಲಗುವ ಕೋಣೆಯ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಒಂದು ಕಂಬಳಿ ಜಾಸ್ತಿ ಹೊದೆಯಿರಿ. ಹಳೆಯ ಹೆಂಚಿನ ಮನೆಯಾದರೆ ಸಂದಿನಿಂದ ಗಾಳಿ ಆಡುತ್ತಿರುತ್ತದೆ. ಹೊಸ ಆರ್‌ಸಿಸಿ ಮನೆಯಲ್ಲಿ ಕಿಟಕಿ ಹಾಕಿದರೆ ಮುಗಿಯಿತು, ಒಳಗಿನ ಗಾಳಿ ಅಲ್ಲೇ.

ನೆಗಡಿ ಇಲ್ಲ, ಆದರೂ ದಿನಾ ಬೆಳಗ್ಗೆ ಗಂಟಲು ಉರಿಯುತ್ತದೆ. ಏನಿದು?

ಬಚ್ಚಲ ಒಲೆಯ ಹೊಗೆ ಇರಬಹುದು. ಚಳಿಗಾಲದಲ್ಲಿ ಒಲೆ ಮುಂದೆ ಕೂರುವುದೇ ಒಂದು ಸುಖ, ಅದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಹಸಿ ಸೌದೆ, ಒದ್ದೆ ಅಡಿಕೆ ಸಿಪ್ಪೆ ಹಾಕಿದಾಗ ಬರುವ ದಟ್ಟ ಹೊಗೆ ಗಂಟಲು, ಶ್ವಾಸಕೋಶ ಎರಡನ್ನೂ ಕೆರಳಿಸುತ್ತದೆ. ಹೊಗೆ ತುಂಬಿದ ಮನೆಯ ಪುಟ್ಟ ಮಕ್ಕಳಿಗೆ ನ್ಯುಮೋನಿಯಾ ಅಪಾಯ ಜಾಸ್ತಿ. ಒಣ ಸೌದೆ ಹಾಕಿ, ಚಿಮಣಿಯ ಮಸಿ ತೆಗೆಸಿ, ಕೂಸುಗಳನ್ನು ಹೊಗೆಯ ಹತ್ತಿರ ತರಬೇಡಿ.

ಬಾಯಿ ತೆರೆದು ಮಲಗಿದರೂ ಗಂಟಲು ಒಣಗುತ್ತದೆ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಿಗೆ ಹುಳಿತೇಗಿನಿಂದಲೂ ಉರಿ ಬರುತ್ತದೆ. ಇಂಥ ಉರಿ ನೀರು ಕುಡಿದ ಮೇಲೆ, ಹಗಲೇರಿದ ಮೇಲೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಸ್ವರ ಒಡೆದೇ ಇದ್ದರೆ ಡಾಕ್ಟರಿಗೆ ತೋರಿಸಿ.

ಉಪ್ಪುನೀರು ಮುಕ್ಕಳಿಸುವುದು, ಬಿಸಿನೀರು ಕುಡಿಯುವುದು: ಇದರಿಂದ ವೈರಸ್ ಸಾಯುತ್ತದಾ?

ಸಾಯುವುದಿಲ್ಲ. ಹಿತ ಆಗುತ್ತದೆ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರು ನಾಲ್ಕು ಸಲ. ಗಂಟಲಿನ ಊತ ಸ್ವಲ್ಪ ಇಳಿಯುತ್ತದೆ, ಕಫ ಬಿಡುತ್ತದೆ. ಆರು ವರ್ಷದ ಒಳಗಿನ ಮಕ್ಕಳು ಮುಕ್ಕಳಿಸಲು ಹೋಗಿ ನುಂಗುತ್ತಾರೆ, ಅವರಿಗೆ ಬೇಡ.

ಮತ್ತೆ ಕಷಾಯ?

ಕುಡಿಯಿರಿ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು ಹುರಿದು ಪುಡಿ ಮಾಡಿದ ಕಷಾಯ, ಬೆಲ್ಲ ಹಾಕಿದ ಶುಂಠಿ ನೀರು, ದೊಡ್ಡಪತ್ರೆಯ ತಂಬುಳಿ, ಮೆಣಸಿನ ಸಾರು ಎಲ್ಲ ಗಂಟಲಿಗೆ ಹಿತ. ಬಿಸಿ ದ್ರವ ಒಳಗೆ ಹೋದಷ್ಟೂ ಒಳ್ಳೆಯದು. ಆದರೆ ಕಷಾಯ ಕುಡಿದರೆ ನೆಗಡಿ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೆಲ್ಲಿಕಾಯಿ, ನಿಂಬೆಹಣ್ಣಿನ ಕಥೆಯೂ ಇದೇ. ವಿಟಮಿನ್ ಸಿ ದಿನಾ ತಿನ್ನುವವರಿಗೆ ನೆಗಡಿ ಸ್ವಲ್ಪ ಬೇಗ ವಾಸಿಯಾಗಬಹುದು, ತಡೆಯುವ ಶಕ್ತಿ ಅದಕ್ಕಿಲ್ಲ. ಬೆಟ್ಟದ ನೆಲ್ಲಿಕಾಯಿ ರುಚಿಗೆ ತಿನ್ನಿ.

ಜೇನುತುಪ್ಪ ಕೆಮ್ಮಿಗೆ ನಿಜವಾಗಿ ಒಳ್ಳೆಯದು, ರಾತ್ರಿ ಮಲಗುವ ಮುಂಚೆ ಒಂದು ಚಮಚ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೂಬೇಡಿ. ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಕಾಡಿನ ಶುದ್ಧ ತುಡುವೆ ಜೇನು ಅಂದರೂ ಅಷ್ಟೇ.

ಹಬೆ ತೆಗೆದುಕೊಳ್ಳುವುದು, ಕರ್ಪೂರ ಹಾಕಿದ ಎಣ್ಣೆ ತಿಕ್ಕುವುದು?

ದೊಡ್ಡವರಿಗೆ ಹಬೆಯಿಂದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ. ಮಕ್ಕಳಿಗೆ ಬೇಡ. ಕುದಿನೀರಿನ ಪಾತ್ರೆ ಮೈಮೇಲೆ ಮಗುಚಿ ಸುಟ್ಟುಕೊಂಡ ಪ್ರಕರಣಗಳು ಎಲ್ಲ ಕಡೆ ಆಗುತ್ತವೆ. ಕರ್ಪೂರ, ಮುಲಾಮು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ, ಯಾರ ಮೂಗಿನೊಳಗೂ ಹಾಕಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುವಷ್ಟು ವಿಷ. ಕೂಸಿನ ಮೂಗು ಕಟ್ಟಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಹನಿ ಸಾಕು.

ಮೊಸರು, ಬಾಳೆಹಣ್ಣು, ಐಸ್‌ಕ್ರೀಂ, ತಲೆಸ್ನಾನ?

ಯಾವುದರಿಂದಲೂ ನೆಗಡಿ ಬರುವುದಿಲ್ಲ. ಗಂಟಲು ನೋಯುವಾಗ ತಣ್ಣನೆಯದು ಹಿಡಿಸದಿದ್ದರೆ ಬಿಡಿ, ಹಿಡಿಸಿದರೆ ತಿನ್ನಿ. ತಲೆಸ್ನಾನ ಮಾಡಿ ಚೆನ್ನಾಗಿ ಒರೆಸಿಕೊಳ್ಳಿ, ಅಷ್ಟೇ.

ಮಗುವಿಗೆ ನೆಗಡಿ. ಶಾಲೆಗೆ ಕಳಿಸಲಾ?

ಜ್ವರ ಇದ್ದರೆ ಬೇಡ. ಮಾತ್ರೆ ಇಲ್ಲದೆಯೇ ಜ್ವರ ಬಿಟ್ಟು 24 ಗಂಟೆ ಆದ ಮೇಲೆ ಕಳಿಸಿ. ಬರೀ ಮೂಗು ಸೋರುತ್ತಿದ್ದು ಮಗು ಚಟುವಟಿಕೆಯಿಂದ ಇದ್ದರೆ ಹೋಗಬಹುದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಮಾಮೂಲು. ಪ್ರತಿ ಸಲವೂ ಮನೆಯಲ್ಲಿ ಇಟ್ಟುಕೊಂಡರೆ ಪಾಠ ಎಲ್ಲಿಗೆ ಬಂತು? ಜೇಬಿನಲ್ಲಿ ಎರಡು ಕರವಸ್ತ್ರ ಇಡಿ. ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯದೆ ಮೊಣಕೈ ಒಳಭಾಗಕ್ಕೆ ಕೆಮ್ಮಲು ಹೇಳಿಕೊಡಿ. ಡಿಸೆಂಬರ್, ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ ಬೇರೆ ಇರುತ್ತದೆ. ಡ್ಯಾನ್ಸ್ ತಪ್ಪಿಹೋಗುತ್ತದೆ ಅಂತ ಜ್ವರದ ಮಗುವಿಗೆ ಮಾತ್ರೆ ನುಂಗಿಸಿ ಕಳಿಸುವವರಿದ್ದಾರೆ. ಮುಂದಿನ ವಾರ ತರಗತಿ ಅರ್ಧ ಖಾಲಿ.

ಕೆಮ್ಮಿನ ಸಿರಪ್ ಕೊಡಬಹುದಾ?

ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಎಲ್ಲ ರಾಜ್ಯಗಳಿಗೂ ಹೀಗೆ ತಿಳಿಸಿದೆ. ಅಣ್ಣನಿಗೆ ತಂದ ಬಾಟಲಿಯಲ್ಲಿ ಉಳಿದದ್ದನ್ನು ತಂಗಿಗೆ ಕುಡಿಸುವುದಂತೂ ಬೇಡವೇ ಬೇಡ.

ಗಂಟಲುನೋವಿಗೆ ಆಂಟಿಬಯಾಟಿಕ್ ತೆಗೆದುಕೊಂಡರೆ ಬೇಗ ವಾಸಿಯಾಗುವುದಿಲ್ಲವಾ?

ವೈರಸ್‌ನಿಂದ ಬಂದದ್ದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಹೆಚ್ಚಿನ ಗಂಟಲುನೋವು ವೈರಸ್‌ನದ್ದೇ. ಮೂಗು ಸೋರುತ್ತಿದೆ, ಕೆಮ್ಮಿದೆ, ಸ್ವರ ಕಟ್ಟಿದೆ ಅಂದರೆ ಬಹುಪಾಲು ಅದೇ.

ಆದರೆ ಒಂದು ಬಗೆ ಬೇರೆ ಇದೆ. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವುದು. 5ರಿಂದ 15 ವರ್ಷದ ಮಕ್ಕಳಲ್ಲಿ ಜಾಸ್ತಿ. ಇದ್ದಕ್ಕಿದ್ದ ಹಾಗೆ ಜ್ವರ, ನುಂಗಲಾಗದ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯಲ್ಲಿ ನೋಯುವ ಗಂಟು. ಕೆಮ್ಮು, ನೆಗಡಿ ಇರುವುದಿಲ್ಲ. ಇದನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ಕೀಲುವಾತದ ಜ್ವರ ಬಂದು ಹೃದಯದ ಕವಾಟವೇ ಹಾಳಾಗಬಹುದು. ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಡಾಕ್ಟರು ಎಷ್ಟು ದಿನ ಬರೆದಿದ್ದಾರೋ ಅಷ್ಟೂ ದಿನ. ಮೂರನೇ ದಿನ ನೋವು ಹೋಯಿತು ಅಂತ ನಿಲ್ಲಿಸಿ, ಉಳಿದ ಮಾತ್ರೆಯನ್ನು ದೇವರ ಫೋಟೋದ ಹಿಂದೆ ಎತ್ತಿಡುವುದು ನಮ್ಮ ಕಡೆಯ ದೊಡ್ಡ ಕೆಟ್ಟ ಚಾಳಿ.

ಜಾತ್ರೆಗೆ, ಮದುವೆಗೆ ಹೋಗದೆ ಇರಲು ಆಗುತ್ತದಾ?

ಹೋಗಿ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ರಾಮೇಶ್ವರ ಜಾತ್ರೆ ಬಯಲಿನಲ್ಲಿ, ತುಂಗೆಯ ದಂಡೆಯಲ್ಲಿ ನಡೆಯುತ್ತದೆ, ಅಲ್ಲಿ ಗಾಳಿಗೆ ಬರವಿಲ್ಲ. ಅಪಾಯ ಜಾಸ್ತಿ ಇರುವುದು ಜಾತ್ರೆಗೆ ಹೋಗುವ ಬಸ್ಸಿನಲ್ಲಿ. ಎಲ್ಲ ಗಾಜೂ ಎಳೆದು, ಎರಡು ಪಟ್ಟು ಜನ ತುಂಬಿ, ಎರಡು ಗಂಟೆ ಪ್ರಯಾಣ. ಅಲ್ಲಿ ಮಾಸ್ಕ್ ಹಾಕಿಕೊಳ್ಳಿ, ನಿಮ್ಮ ಪಕ್ಕದ ಗಾಜು ಸ್ವಲ್ಪ ಸರಿಸಿ. ತಾಳಗುಪ್ಪದಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಹೋಗುವವರಿಗೂ ಇದೇ ಮಾತು. ನಿಮಗೇ ನೆಗಡಿ ಇದ್ದರೆ ಮಾಸ್ಕ್ ಇನ್ನೂ ಮುಖ್ಯ. ಬಾಣಂತಿ ನೋಡಲು, ಹಸುಗೂಸು ಎತ್ತಿಕೊಳ್ಳಲು ಮಾತ್ರ ಆ ವಾರ ಹೋಗಬೇಡಿ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಪರವಾಗಿಲ್ಲ.

ಫ್ಲೂ ಲಸಿಕೆ ಹಾಕಿಸಿದರೆ ನೆಗಡಿ ನಿಲ್ಲುತ್ತದಾ?

ನೆಗಡಿಗೆ ಲಸಿಕೆ ಇಲ್ಲ. ಫ್ಲೂ ಬೇರೆ: ಜ್ವರ ಜೋರು, ಮೈಕೈ ನೋವು ಜೋರು, ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಅದಕ್ಕೆ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಬೇಕು. ವಯಸ್ಸಾದವರು, ಬಸುರಿಯರು, ದಮ್ಮು, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರು ಡಾಕ್ಟರ ಹತ್ತಿರ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಚಳಿಗಾಲದ ಜ್ವರ ಎಲ್ಲ ನೆಗಡಿ ಜ್ವರವೇ ತಾನೆ?

ಬೇರೆ ಊರಿನವರು ಹಾಗೆ ಅಂದುಕೊಂಡರೂ ನಡೆದೀತು. ನಾವು ಅಂದುಕೊಳ್ಳುವಂತಿಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಜೋರಾಗುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನೆಗಡಿ ಕಾಲದಲ್ಲೇ ಶುರು. ಹರಡುವುದು ಉಣುಗಿನ ಕಡಿತದಿಂದ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ದರಗು ಗುಡಿಸಲು, ಸೌದೆ ತರಲು, ದನ ಅಟ್ಟಲು ಕಾಡಿಗೆ ಹೋದವರಿಗೆ ಕಡಿತವಾಗಿ ಮೂರರಿಂದ ಎಂಟು ದಿನಕ್ಕೆ ತಟ್ಟನೆ ಜೋರು ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮೀನಖಂಡದಲ್ಲಿ ತಡೆಯಲಾಗದ ನೋವು. ಕೆಲವರಿಗೆ ವಾಂತಿ, ವಸಡಿನಲ್ಲಿ ರಕ್ತ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ತೀರಿಹೋಗುತ್ತಾರೆ.

ಹಾಗಾಗಿ ಕಾಡಿನ ಅಂಚಿನಲ್ಲಿ ಇರುವವರಿಗೆ ಇಂಥ ಜ್ವರ ಬಂದರೆ ‘ಥಂಡಿ ಆಗಿದೆ’ ಅಂತ ಕಷಾಯ ಕುಡಿದು ಮಲಗಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವಾಗಿ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು.

ತಡೆಯುವ ದಾರಿ ಇಲ್ಲೂ ಶುಚಿತ್ವವೇ, ಆದರೆ ಬೇರೆ ಬಗೆಯದ್ದು. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬುತೋಳಿನ ಬಟ್ಟೆ ಹಾಕಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ಮೊಣಕಾಲ ಹಿಂದೆ ಉಣುಗು ಇದೆಯಾ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಮಕ್ಕಳ ಉಸಿರು ಎಣಿಸುವುದನ್ನು ಎಲ್ಲ ತಾಯಂದಿರೂ ಕಲಿಯಬೇಕು. ಮಗು ಸುಮ್ಮನಿದ್ದಾಗ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷಕ್ಕೆ 40, ಇದಕ್ಕೆ ಮುಟ್ಟಿದರೆ ಅಥವಾ ಮೀರಿದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಹಾಲು ಬಿಡುವುದು, ತುಟಿ ನೀಲಿಗಟ್ಟುವುದು ಕಂಡರೆ ಎಣಿಸುತ್ತಾ ಕೂರಬೇಡಿ. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ತಡ ಮಾಡಬೇಡಿ.

ದೊಡ್ಡವರಲ್ಲಿ ಉಸಿರು ಕಟ್ಟುವುದು, ಎದೆನೋವು, ಎಂಜಲು ನುಂಗಲೂ ಆಗದಿರುವುದು, ಬಾಯಿ ತೆರೆಯಲಾಗದಿರುವುದು, ಮೂರು ದಿನ ದಾಟಿದ ಜ್ವರ, ಒಮ್ಮೆ ವಾಸಿಯಾದ ಹಾಗೆ ಆಗಿ ಮತ್ತೆ ಏರಿದ ಜ್ವರ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದೆಯಾ ಅಂತ ನೋಡುವ ಆ ಪರೀಕ್ಷೆ ಉಚಿತ.

ತುರ್ತು ಇದ್ದರೆ 108ಕ್ಕೆ ಫೋನ್ ಮಾಡಿ. ಹೊಸನಗರ, ಸಾಗರದ ಒಳಭಾಗದಲ್ಲಿ ನೆಟ್‌ವರ್ಕ್ ಸಿಗದ ಮನೆಗಳು ಎಷ್ಟೋ ಇವೆ. ಅಂಥ ಕಡೆ ಇರುವವರು ಫೋನ್ ಹಿಡಿದು ಗುಡ್ಡ ಹತ್ತುವ ಬದಲು, ರಾತ್ರಿ ಹೊತ್ತು ಯಾರ ಮನೆಯ ಜೀಪು ಸಿಗುತ್ತದೆ ಅಂತ ಮೊದಲೇ ಮಾತಾಡಿ ಇಟ್ಟುಕೊಳ್ಳಿ.